ಪಾಠದ ನಡುವೆ ನನ್ನ ದನಿ

ನಾನು ಅಂಕೋಲೆಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಆ ವರ್ಷ ನನ್ನ ಮಗಳು ಅದೇ ಶಾಲೆಯಲ್ಲಿ ಹತ್ತನೆಯ ತರಗತಿ. ಕದ್ವಾಡದ ಮನೆಯಿಂದ ಒಟ್ಟಿಗೇ ಹೊರಟು, ಕಾರವಾರದಲ್ಲಿ ಬಸ್ಸು ಬದಲಿಸಿ, ಒಂದೇ ಸೀಟಿನಲ್ಲಿ ಕೂತು ಹೋಗುತ್ತಿದ್ದೆವು. ಮನೆಯಲ್ಲಿ ನಾನು, ಬಸ್ಸಿನಲ್ಲಿ ನಾನು, ಕ್ಲಾಸಿನಲ್ಲೂ ನಾನೇ. ಹುಡುಗಿಗೆ ನನ್ನಿಂದ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ನನಗೂ ಅವಳಿಂದ ಇರಲಿಲ್ಲ. ಅದನ್ನು ತಾಯಿಯಾದವಳು ಯಾರ ಹತ್ತಿರ ಹೇಳುವುದು?

ಮಧ್ಯಾವಧಿ ಪರೀಕ್ಷೆಯಲ್ಲಿ ಅವಳು ನನ್ನ ವಿಷಯದಲ್ಲೇ ಫೇಲಾದಳು. "ಇನ್ನೊಂದ್ ಸಲ ಫೇಲಾದ್ರೆ ನಾ ಶಾಲೆಗೇ ಬರೂದಿಲ್ಲ ಆಯಿ," ಎಂದಳು. ಹೇಳಿದಂತೆ ಮಾಡುವವಳೇ. ಕಾರವಾರದ ಡಾಕ್ಟರು ಪರೀಕ್ಷಿಸಿ ಎಡಿಎಚ್‌ಡಿ ಎಂದರು. "ಸೋಮಾರಿತನ ಅಲ್ಲ ಟೀಚರ್, ಗಮನ ಒಂದ್ ಕಡೆ ನಿಲ್ಲೂದಿಲ್ಲ, ಅಷ್ಟೇ." ಔಷಧಿಯ ಜೊತೆ ಮೊಬೈಲನ್ನೂ ಬಳಸಲು ಹೇಳಿದರು: ಪುಟದ ಫೋಟೊ ತೆಗೆದರೆ ಗಟ್ಟಿಯಾಗಿ ಓದಿ ಹೇಳುವ ಆ್ಯಪ್, ಹತ್ತು ನಿಮಿಷಕ್ಕೊಮ್ಮೆ ನಡುಗಿ ಗಮನ ಮರಳಿಸುವ ಕೈಗಡಿಯಾರ. ಕೇಳಿದ್ದನ್ನು ಅವಳು ತನ್ನ ಮಾತಿನಲ್ಲೇ ರೆಕಾರ್ಡ್ ಮಾಡಿ, ಇಯರ್‌ಫೋನ್ ಹಾಕಿಕೊಂಡು ಮತ್ತೆ ಮತ್ತೆ ಕೇಳಬೇಕು.

ಮಕ್ಕಳ ಮೊಬೈಲು ಕಸಿದು ಸ್ಟಾಫ್‌ರೂಮಿನ ಕಪಾಟಿಗೆ ಹಾಕುವವಳು ನಾನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಜೊತೆಯ ಟೀಚರುಗಳು ನಕ್ಕರು. ಆ್ಯಪಿನ ದನಿಗೆ ಏರಿಳಿತವೇ ಇಲ್ಲ. ಇದನ್ನು ಹೇಗೆ ಕೇಳುತ್ತೀಯೆ ಎಂದು ಮಗಳನ್ನು ಕೇಳಿದೆ. "ಅದು ಸಿಟ್ ಮಾಡೂದಿಲ್ಲಲೆ," ಎಂದಳು. ಆಗ ನಾನೂ ನಕ್ಕುಬಿಟ್ಟೆ.

ಅವಳು ಜಗಲಿಯಿಂದ ಅಡುಗೆಮನೆಯ ಬಾಗಿಲವರೆಗೆ ನಡೆಯುತ್ತ ರೆಕಾರ್ಡ್ ಮಾಡುತ್ತಿದ್ದಳು. ಆ ತಿರುಗಾಟ ನನಗೆ ಸಹಿಸಲಾಗುತ್ತಿರಲಿಲ್ಲ. ಗಡಿಯಾರ ನಡುಗಿತೋ ಇಲ್ಲವೋ, ಸೌಟು ಹಿಡಿದೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಅವಳ ಕೈಗೆ ಕಟ್ಟಿದ ಗಡಿಯಾರ ನನ್ನನ್ನು ಕಾವಲುಗಾರ್ತಿಯನ್ನಾಗಿ ಮಾಡಿತ್ತು.

ಪೂರ್ವಸಿದ್ಧತಾ ಪರೀಕ್ಷೆಯ ಬೆಳಿಗ್ಗೆ ಬಸ್ಸಿನಲ್ಲಿ, ಉಪ್ಪಿನ ಸತ್ಯಾಗ್ರಹದ ಪಾಠ ಹೇಳು ಎಂದೆ. ಕಣ್ಣು ಮುಚ್ಚಿ ಶುರುಮಾಡಿದಳು.

"ಸತ್ಯಾಗ್ರಹಿಗಳು ಸಾಬರಮತಿಯಿಂದ ದಂಡಿಯವರೆಗೆ ನಡೆದರು. ಒಂದ್ ಕಡೆ ಕೂತ್ಕೊಳ್ಳೆ, ಕಾಲ್ ಸುಟ್ಟ ಬೆಕ್ಕಿನ ಹಾಂಗೆ ಎಂತಕ್ಕೆ ತಿರಗ್ತೀ? ಅಲ್ಲಿ ಉಪ್ಪು ತಯಾರಿಸಿ ಕಾನೂನು ಮುರಿದರು. ನಿನ್ ತಲೇಲಿ ಎಂತ ಅದೆ? ಅಂಕೋಲೆಯಲ್ಲಿಯೂ ಜನ..."

ನನ್ನನ್ನು ಅಣಕಿಸುತ್ತಿದ್ದಾಳೆಂದು ಕೈ ಎತ್ತಿಯೇಬಿಟ್ಟೆ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಮಗಳು ಕಣ್ಣು ತೆರೆದು, ಏನಾಯಿತೆಂದೇ ತಿಳಿಯದೆ ಬೆಚ್ಚಿದಳು. ಆಮೇಲೆ ಮೊಬೈಲಿನಲ್ಲಿ ತನ್ನ ರೆಕಾರ್ಡಿಂಗ್ ಹಾಕಿ, ಒಂದು ಇಯರ್‌ಫೋನ್ ನನ್ನ ಕಿವಿಗಿಟ್ಟಳು. ಅವಳ ಸಣ್ಣ ದನಿ ಒಂದು ವಾಕ್ಯ ಹೇಳುತ್ತಿತ್ತು. ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ಬಯ್ಯುತ್ತಿದ್ದಳು. ನನ್ನ ದನಿ ಅಷ್ಟು ಕರ್ಕಶವೆಂದು ನನಗೆ ಗೊತ್ತಿರಲಿಲ್ಲ.

"ಅಳಿಸಿ ಬೇರೆ ಮಾಡೂಕೆ ಆಗ್ತಿರ್ಲಿಲ್ವೇನೆ?"

"ಮಾಡ್ದೆ, ನಾಕ್ ಸಲ. ನಾಕೂ ಸಲ ನೀ ಬಂದೆ."

ನಾನು ಎದ್ದು ಬೇರೆ ಕಡೆ ಕೂರೋಣವೆಂದರೆ ಬಸ್ಸು ತುಂಬಿತ್ತು. ಅಂಕೋಲೆಯವರೆಗೂ ಅವಳ ಭುಜಕ್ಕೆ ಭುಜ ತಾಗಿಸಿಕೊಂಡೇ ಕೂತಿದ್ದೆ.

ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಣೆಯ ಡ್ಯೂಟಿಯೂ ನನಗೇ ಬಿದ್ದಿತ್ತು. ಬದಲಿಸಿಕೊಡಿ ಎಂದು ಕೇಳಿದೆ, ಯಾರಿಗೂ ಬಿಡುವಿರಲಿಲ್ಲ. ಮಗಳು ಕಿಟಕಿಯ ಪಕ್ಕದ ಬೆಂಚಿನಲ್ಲಿ ಬರೆಯುತ್ತಿದ್ದಳು. ತುಟಿ ಅಲುಗುತ್ತಿತ್ತು, ಅದರ ಹಿಂದೆಯೇ ಪೆನ್ನು ಓಡುತ್ತಿತ್ತು. ಒಮ್ಮೆಲೇ ಪೆನ್ನು ನಿಂತಿತು. ತುಟಿ ಮಾತ್ರ ನಿಲ್ಲಲಿಲ್ಲ. ಅವಳ ತಲೆಯೊಳಗೆ ಈಗ ನಾನು ಬಾಗಿಲಿಗೆ ಬಂದಿದ್ದೇನೆಂದು ನನಗೆ ತಿಳಿಯಿತು. ಕೋಣೆ ಬಿಟ್ಟು ಹೋಗುವಂತಿರಲಿಲ್ಲ, ಬಾಯಿ ಬಿಡುವಂತಿರಲಿಲ್ಲ. ನಾನು ಬೈದು ಮುಗಿಸುವುದನ್ನೇ ಕಾಯುತ್ತ ಗೋಡೆಗೆ ಒರಗಿ ನಿಂತೆ.