ಕಾರು ಬಿಸಿ ಮಾಡುವ ಇಪ್ಪತ್ತು ನಿಮಿಷ

ಈಗಿನ ಕಾರಿನ ಇಂಜಿನ್ ಬಿಸಿಯಾಗುವುದಕ್ಕೆ ಒಂದು ನಿಮಿಷ ಸಾಕು. ಚಳಿಗಾಲ, ಎರಡು ನಿಮಿಷ ಎಂದೇ ಇಟ್ಟುಕೊಳ್ಳೋಣ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮಪ್ಪ ಮೈಸೂರಿನ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ನಿಂತಲ್ಲೇ ಇಂಜಿನ್ ಓಡಿಸುವ ಡ್ರೈವರುಗಳನ್ನು ಕಂಡರೆ ಅವರಿಗೆ ಆಗುತ್ತಲೇ ಇರಲಿಲ್ಲ. ಅಂಥವರ ಮಗಳ ಮುಂದೆ ನನ್ನ ಗಂಡ ಜೂನ್ ತಿಂಗಳ ಒಂದು ಬೆಳಿಗ್ಗೆ, ಚಳಿ ಜಾಸ್ತಿಯಾಗಿದೆ, ಕಾರು ಬಿಸಿಯಾಗಬೇಕು, ಇನ್ನು ಮೇಲೆ ದಿನಾ ಇಪ್ಪತ್ತು ನಿಮಿಷ ಮುಂಚೆ ಕೆಳಗಿಳಿಯುತ್ತೇನೆ ಅಂದರೆ ನಾನು ನಂಬಬೇಕೇ? ನಂಬಲಿಲ್ಲ. ಮದುವೆಯಾಗಿ ಹದಿನೆಂಟು ವರ್ಷಕ್ಕೆ ಈ ಮನುಷ್ಯ ನನ್ನ ಕೈತಪ್ಪಿ ಹೋಗುತ್ತಿದ್ದಾರೆ ಎಂದು ನನಗೆ ಖಾತ್ರಿಯಾದದ್ದು ಅವತ್ತೇ.

ನೈರೋಬಿಯಲ್ಲಿ ಚಳಿಗಾಲ ಬರುವುದು ಜೂನ್, ಜುಲೈನಲ್ಲಿ. ಆಫ್ರಿಕಾದಲ್ಲಿ ಎಂಥಾ ಚಳಿ ಎಂದು ಮೈಸೂರಿನವರು ನಗುತ್ತಾರೆ. ಜುಲೈನಲ್ಲಿ ಬಂದು ಕಸರಾನಿಯ ನಮ್ಮ ನಾಲ್ಕನೇ ಮಹಡಿಯ ಮನೆಯಲ್ಲಿ ಎರಡು ದಿನ ಇದ್ದು ನೋಡಲಿ. ವಾರಗಟ್ಟಲೆ ಬಿಸಿಲಿಲ್ಲ. ಮನೆಯ ಗೋಡೆಗಳು ತಣ್ಣಗೆ ಕೊರೆಯುತ್ತವೆ, ದೋಸೆ ಹಿಟ್ಟು ಎರಡು ದಿನ ಇಟ್ಟರೂ ಹುದುಗುವುದಿಲ್ಲ. ನಮ್ಮ ಕಾರು ಮಾತ್ರ ಇದಕ್ಕಿಂತ ದೊಡ್ಡ ಚಳಿ ಕಂಡು ಬಂದದ್ದು. ಇಲ್ಲಿನ ಬಹುಪಾಲು ಕಾರುಗಳ ಹಾಗೆ ಅದೂ ಜಪಾನಿನಿಂದ ಹಡಗಿನಲ್ಲಿ ಬಂದ ಸೆಕೆಂಡ್ ಹ್ಯಾಂಡ್ ಪುಟಾಣಿ. ಹಿಮ ಬೀಳುವ ಸೀಮೆಯದು ಎಂದು ಮಾರಿದವನೇ ಹೇಳಿದ್ದ. ತಳದಲ್ಲಿ ತುಕ್ಕು, ಬಾನೆಟ್ಟಿನೊಳಗೆ ಇಂಜಿನ್ನನ್ನು ಕರೆಂಟಿಗೆ ಸಿಕ್ಕಿಸಿ ಬಿಸಿ ಮಾಡುವ ಒಂದು ವೈರು, ಡ್ರೈವರ್ ಸೀಟಿನ ಪಕ್ಕ ಸೀಟು ಬಿಸಿ ಮಾಡುವ ಸ್ವಿಚ್ಚು. ಡ್ರೈವರ್ ಸೀಟಿಗೆ ಮಾತ್ರ. ಪಕ್ಕದಲ್ಲಿ ಕೂತ ಹೆಂಡತಿ ನಡುಗಿದರೆ ನಡುಗಲಿ. ಕೀಲಿ ತಿರುಗಿಸಿದ ಕೂಡಲೇ ಒಬ್ಬ ಹೆಂಗಸಿನ ದನಿ ಜಪಾನಿ ಭಾಷೆಯಲ್ಲಿ ಏನೋ ವಯ್ಯಾರವಾಗಿ ಹೇಳುತ್ತದೆ. ಆರು ವರ್ಷವಾಯಿತು, ಏನೆಂದು ನಮಗೆ ಗೊತ್ತಿಲ್ಲ. ಮಗಳು ಅವಳಿಗೆ ಆಂಟಿ ಎಂದು ಹೆಸರಿಟ್ಟಿದ್ದಾಳೆ. ಗಂಡನ ಕಾರಿನಲ್ಲಿ ಆ ಒಬ್ಬಳನ್ನು ನಾನು ಸಹಿಸಿಕೊಂಡಿದ್ದೆ. ಇನ್ನೊಬ್ಬಳಿಗೆ ಅಲ್ಲಿ ಜಾಗವಿರಲಿಲ್ಲ.

ಅನುಮಾನ ಶುರುವಾದದ್ದು ಕಾರಿನಿಂದಲ್ಲ, ಚಮಚದಿಂದ. ಯುಗಾದಿ ಆದ ಎರಡನೇ ಭಾನುವಾರ, ಸಾರನ್ನ ಬಡಿಸಿದ ಮೇಲೆ, ಇವರು ಚಮಚ ಕೇಳಿದರು. ಸಾರನ್ನಕ್ಕೆ ಚಮಚ! ಅನ್ನವನ್ನು ಬಿಸಿಬಿಸಿ ಇರುವಾಗಲೇ ಐದು ಬೆರಳು ಹಾಕಿ ಕಲಸಿ, ತಟ್ಟೆ ತೊಳೆಯುವ ಕೆಲಸವೇ ಇರದ ಹಾಗೆ ಒರೆಸಿ ತಿನ್ನುವ ಮನುಷ್ಯ. ಏನ್ರೀ ಇದು ಅಂದೆ. ಆಫೀಸಿನ ಕ್ಯಾಂಟೀನಿನಲ್ಲಿ ಎಲ್ಲರೂ ಹೀಗೇ ತಿನ್ನುವುದು, ಅಭ್ಯಾಸವಾಗಿದೆ ಅಂದರು. ಅಲ್ಲಿನ ಲ್ಯಾಬಿಗೆ ಹೊಸದಾಗಿ ಒಬ್ಬರು ಮೇಡಂ ಬಂದಿದ್ದಾರಂತೆ, ಅವರು ಚಪಾತಿಯನ್ನೂ ಫೋರ್ಕಿನಲ್ಲೇ ತಿನ್ನುತ್ತಾರಂತೆ. ಓಹೋ, ಅಂದುಕೊಂಡೆ. ನನ್ನ ಮುಖ ನೋಡಿ ಮಗಳು, "ಅಮ್ಮಾ, ಇಟ್ಸ್ ಜಸ್ಟ್ ಎ ಸ್ಪೂನ್" ಅಂದಳು. ನೈರೋಬಿಯಲ್ಲಿ ಬೆಳೆದ ಹುಡುಗಿ, ಅವಳಿಗೇನು ಗೊತ್ತು. ಕೈಯಲ್ಲಿ ಉಣ್ಣುವವನು ಚಮಚ ಹಿಡಿದ ಅಂದರೆ ಯಾರೋ ಹಿಡಿಸಿದ್ದಾರೆ ಎಂದೇ ಅರ್ಥ.

ಅಡುಗೆಮನೆಯಲ್ಲಿ ಮೈಸೂರಿನಿಂದ ತಂದ ತಿಥಿ, ನಕ್ಷತ್ರದ ಕ್ಯಾಲೆಂಡರ್ ನೇತಾಡುತ್ತದೆ. ಮಗಳಿಗೆ ಕನ್ನಡ ಓದಲು ಬರುವುದಿಲ್ಲ, ಇವರು ಅದರ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಆ ಭಾನುವಾರದ ಚೌಕದಲ್ಲಿ ಪೆನ್ಸಿಲಿನಿಂದ ಸಣ್ಣಗೆ 'ಚಮಚ' ಎಂದು ಬರೆದೆ. ಜಗಳದ ದಿನ ಬಂದಾಗ ಬಾಯಿಗೆ ಬಂದದ್ದು ಹೇಳಬಾರದು, ತಾರೀಖು ಸಮೇತ ಮುಂದಿಡಬೇಕು ಅನ್ನುವುದು ನನ್ನ ಲೆಕ್ಕಾಚಾರ.

ಅಕ್ಷಯ ತೃತೀಯದ ಹಿಂದಿನ ದಿನ ಲೇಸ್ ಇಲ್ಲದ ಹೊಸ ಶೂ ಬಂತು. ಮರುವಾರ ಗುಂಡಿಯ ಶರ್ಟುಗಳೆಲ್ಲ ಬೀರುವಿನ ಹಿಂದಕ್ಕೆ ಹೋದವು, ನಲವತ್ತೆಂಟರ ಗಂಡಸಿಗೆ ಬಣ್ಣಬಣ್ಣದ ಟೀ ಶರ್ಟು. ಕಾಫಿಗೆ ಸ್ಟೀಲ್ ಲೋಟ ಬೇಡವಾಯಿತು. ಹಿಡಿಯಿರುವ ದೊಡ್ಡ ಮಗ್ಗು, ಅದನ್ನೂ ಸಿನಿಮಾದವರ ಹಾಗೆ ಎರಡೂ ಕೈಯಲ್ಲಿ ಹಿಡಿದು ಕುಡಿಯುವುದು. ಜೂನ್ ತಿಂಗಳ ಸಂಕಷ್ಟಿಯ ದಿನ ಬೆರಳಿನಲ್ಲಿ ಉಂಗುರವಿರಲಿಲ್ಲ. ನಮ್ಮಪ್ಪ ಧಾರೆಯ ದಿನ ತೊಡಿಸಿದ ಉಂಗುರ. ಎಲ್ಲಿ ಅಂದರೆ, ಬಿಗಿಯಾಗುತ್ತಿತ್ತು, ಆಫೀಸಿನ ಡ್ರಾಯರಿನಲ್ಲಿದೆ ಅಂದರು. ಅವತ್ತು ಪೆನ್ಸಿಲ್ ಒತ್ತಿ ಬರೆದು ಹಾಳೆಯೇ ತೂತಾಯಿತು.

ಅದಾಗಿ ನಾಲ್ಕು ದಿನಕ್ಕೆ ಈ ಕಾರು ಬಿಸಿ ಮಾಡುವ ನಾಟಕ. ಇವರಿಗೆ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಕೆಲಸ, ಜಾಮ್ ತಪ್ಪಿಸಲು ಆರೂವರೆಗೆ ಹೊರಡುವವರು. ಈಗ ಆರು ದಾಟಿ ಹತ್ತು ನಿಮಿಷಕ್ಕೇ ಇಳಿದು ಹೋಗುತ್ತಿದ್ದರು. ನಮ್ಮ ಬಾಲ್ಕನಿಯಿಂದ ಕಾರು ನಿಲ್ಲಿಸುವ ಜಾಗದ ತಗಡಿನ ಮಾಡು ಮಾತ್ರ ಕಾಣುತ್ತದೆ. ಅದರ ಅಂಚಿನಲ್ಲಿ ಸೈಲೆನ್ಸರಿನ ಬಿಳಿ ಹೊಗೆ ಏಳುವುದನ್ನು ನೋಡುತ್ತಾ ಸ್ವೆಟರ್ ಹಾಕಿಕೊಂಡು ನಿಂತಿರುತ್ತಿದ್ದೆ. ಒಂದು ದಿನ ಆ ಹೊತ್ತಿನಲ್ಲೇ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಸಂಜೆ ಕೇಳಿದರೆ ಸೈಲೆಂಟಿನಲ್ಲಿತ್ತು ಅಂದರು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕನ್ನು ನಾನು ಸಾಕಷ್ಟು ನೋಡಿದ್ದೇನೆ.

ಜುಲೈ ಮೊದಲ ವಾರ ಅಡುಗೆಮನೆ ಬಾಗಿಲ ಹಿಂದಿನ ಮೊಳೆಯಲ್ಲಿ ಕಾರಿನ ಎರಡನೇ ಕೀಲಿ ಇರಲಿಲ್ಲ. ಅದೂ ಆಫೀಸಿನಲ್ಲಿದೆಯಂತೆ. ಮಾರನೆಯ ದಿನ ತರಕಾರಿ ತಂದು ವಾಪಸ್ ಬರುವಾಗ ನಮ್ಮ ಕಟ್ಟಡದ ಕಾವಲುಗಾರ ಗೇಟು ತೆಗೆದ. ವಯಸ್ಸಾದವನು, ಮೊಣಕಾಲಿನವರೆಗೆ ಕೋಟು ಹಾಕಿರುತ್ತಾನೆ. ಅವನ ಸೊಂಟದ ಕೀಲಿಗೊಂಚಲಿನಲ್ಲಿ ಅರಿಸಿನದ ದಾರ ಸುತ್ತಿದ ಒಂದು ಕೀಲಿ ಕಂಡಿತು. ಆಯುಧಪೂಜೆಯ ದಿನ ಆ ದಾರ ಸುತ್ತಿದವಳು ನಾನು. ಅಲ್ಲಿಗೆ ಇವನೂ ಸೇರಿದ್ದಾನೆ ಎಂದಾಯಿತು. ಯಾರನ್ನೋ ಒಳಗೆ ಬಿಡುತ್ತಾನೋ, ಕಾರನ್ನೇ ಯಾರಿಗೋ ಕೊಡುತ್ತಾನೋ, ಇಲ್ಲ ಇವರ ಕಣ್ಣಿಗೂ ಮಣ್ಣೆರಚಿ ಕದಿಯುವ ಯೋಚನೆಯೋ. ಕೇಳಲಿಲ್ಲ. ಕೇಳಿದರೆ ಇಬ್ಬರೂ ಹುಷಾರಾಗುತ್ತಾರೆ. 'ಹಬಾರಿ' ಎಂದು ನಗುತ್ತಾ ಕುಶಲ ಕೇಳಿದ, ನಾನೂ ಹಲ್ಲು ಕಿರಿದು ಒಳಗೆ ಬಂದೆ.

ಮರುದಿನ ಬೆಳಿಗ್ಗೆ ಇವರು ಲಿಫ್ಟಿನಲ್ಲಿ ಇಳಿದರು, ನಾನು ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿನಲ್ಲಿ ಇಳಿದೆ. ಕಂಬದ ಹಿಂದೆ ನಿಂತು ನೋಡಿದರೆ, ಡ್ರೈವರ್ ಸೀಟಿನಲ್ಲಿ ಕಾವಲುಗಾರ ಕೂತಿದ್ದ. ನನ್ನ ಗಂಡ ಕಂಕುಳಲ್ಲಿ ಕೈ ಸಿಕ್ಕಿಸಿಕೊಂಡು ಹೊರಗೆ ನಿಂತಿದ್ದರು. ಅವನು ಕೀಲಿ ತಿರುಗಿಸಿದ, ಆಂಟಿ ಮಾತಾಡಿದಳು, ಅವನು ಬಗ್ಗಿ ಸೀಟಿನ ಸ್ವಿಚ್ಚು ಒತ್ತಿ ಕೆಳಗಿಳಿದ. ಇವರು ಹೋಗಿ ಕೂತರು. ಕೂತು, ಎರಡೂ ಅಂಗೈಯನ್ನು ತೊಡೆಯ ಕೆಳಗೆ, ಬಿಸಿ ಸೀಟಿನ ಮೇಲೆ ತೂರಿಸಿ ಕಣ್ಣು ಮುಚ್ಚಿಕೊಂಡರು. ಅವನು ಮೆತ್ತಗೆ ಬಾಗಿಲು ಹಾಕಿ ಗೇಟಿನ ಕಡೆ ಹೋದ.

ನಾನು ಕಾದೆ. ಫೋನ್ ಇಲ್ಲ, ಯಾರೂ ಬರಲಿಲ್ಲ. ಹೋಗಿ ಈಚೆ ಬಾಗಿಲು ತೆಗೆದು ಪಕ್ಕದಲ್ಲಿ ಕೂತೆ. ಇವರು ಬೆಚ್ಚಿಬಿದ್ದರೂ ಕೈ ಹೊರಗೆ ತೆಗೆಯಲಿಲ್ಲ. ಕೈ ತೋರಿಸಿ ಅಂದೆ. ಚಳಿ ಅಂದರು. ಇನ್ನೊಮ್ಮೆ ಅಂದಾಗ ತೆಗೆದರು. ಬೆರಳಿನ ಗಿಣ್ಣುಗಳು ಊದಿ ಹೊಳೆಯುತ್ತಿದ್ದವು. ಮುಷ್ಟಿ ಕಟ್ಟಿ ಅಂದೆ. ಅರ್ಧಕ್ಕೇ ನಿಂತಿತು.

"ಕಲಸೋಕಾಗಲ್ಲ ಕಣೇ," ಅಂದರು. "ಬೆರಳು ಸೇರಲ್ಲ."

ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲು ಆದದ್ದು ಸಂತೋಷ. ಬೇರೆ ಯಾರೂ ಇಲ್ಲ, ಈ ಮನುಷ್ಯ ನನ್ನವರೇ ಎಂದು ಎದೆ ಹಗುರಾಯಿತು. ಆಮೇಲೆ ಆ ಕೈಗಳನ್ನು ಇನ್ನೊಮ್ಮೆ ನೋಡಿದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು, ಆ ಅಸಹ್ಯವನ್ನೆಲ್ಲ ಸಿಟ್ಟು ಮಾಡಿ ಅವರ ಮೇಲೆ ಸುರಿದೆ.

"ಆ ಮನುಷ್ಯನಿಗೆ ಹೇಳೋಕಾಯ್ತು, ನನಗೆ ಹೇಳೋಕೆ ಏನ್ರೀ ಆಗಿತ್ತು ನಿಮಗೆ?"

ಹೇಳಿದ್ದರೆ ನೀನು ಅವತ್ತೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಿದ್ದೆ, ಡಾಕ್ಟರು ಬರೆದರೆ ಕಂಪನಿಗೆ ಗೊತ್ತಾಗುತ್ತದೆ ಅಂದರು. ಅದು ನಿಜ. ಆಗಸ್ಟಿನಲ್ಲಿ ಇವರ ಕಾಂಟ್ರಾಕ್ಟ್ ಮುಂದುವರಿಯಬೇಕಿತ್ತು, ಮಗಳಿಗೆ ಶಾಲೆಯ ಕಡೆಯ ವರ್ಷ. ಕಾರ್ಖಾನೆಯ ತೂಕದ ಯಂತ್ರ, ಮೀಟರುಗಳನ್ನು ಬಿಚ್ಚಿ ಸರಿಮಾಡುವುದು ಇವರ ಕೆಲಸ. ಎಳ್ಳುಕಾಳಿನಷ್ಟು ತಿರುಪುಗಳನ್ನು ಬೆರಳ ತುದಿಯಲ್ಲಿ ಹಿಡಿಯಬೇಕು. ಚಳಿಗೆ ಹೀಗಾಗಿದೆ, ಬಿಸಿಲು ಬಂದರೆ ತಾನೇ ಹೋಗುತ್ತದೆ ಎಂದು ತಮಗೆ ತಾವೇ ಹೇಳಿಕೊಂಡು ದಿನ ದೂಡಿದ್ದರು. ಇಪ್ಪತ್ತು ನಿಮಿಷ ಸೀಟಿನ ಬಿಸಿ ತಾಗಿದರೆ ಸ್ಟಿಯರಿಂಗ್ ಹಿಡಿಯುವಷ್ಟು ಬೆರಳು ಸಡಿಲವಾಗುತ್ತಿತ್ತಂತೆ. ಬೆಳಗಿನ ಹೊತ್ತು ಕೀಲಿ ಹಿಡಿದು ತಿರುಗಿಸುವುದೂ ಆಗದ ಮೇಲೆ ಕಾವಲುಗಾರನನ್ನು ಕೇಳಿಕೊಂಡಿದ್ದಾರೆ. ಅವನು ಆಗಲೇ ನನ್ನನ್ನು ಕಂಡು ವಾಪಸ್ ಬಂದಿದ್ದ. "ಪೋಲೆ, ಮಾಮಾ," ಅಂದ, ಕ್ಷಮಿಸಮ್ಮಾ ಎಂದು, ತಪ್ಪು ತನ್ನದೇ ಅನ್ನುವ ಹಾಗೆ. ಅಮ್ಮನವರಿಗೆ ಹೇಳಿ ಎಂದು ದಿನಾ ಇವರಿಗೆ ಹೇಳುತ್ತಿದ್ದನಂತೆ. ಅರಿಸಿನದ ದಾರದ ಕೀಲಿ ಬಿಚ್ಚಿ ಕೈಗೆ ಕೊಟ್ಟ. ಒಂದು ಇಡೀ ದಿನ ಕಳ್ಳ ಅಂದುಕೊಂಡಿದ್ದವನ ಮುಖ ನೋಡಲು ನನಗಾಗಲಿಲ್ಲ.

ಅವತ್ತೇ ಅಪ್ಪರ್ ಹಿಲ್‌ನ ಆಸ್ಪತ್ರೆಗೆ ಹೋದೆವು. ಮಗಳ ಶಾಲೆಗಾಗಿ ನಾನೂ ಲೈಸೆನ್ಸ್ ಮಾಡಿಸಿದ್ದೆ, ನಾನೇ ಓಡಿಸಿದೆ. ಡಾಕ್ಟರು ಗಿಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಎಷ್ಟು ದಿನದಿಂದ ಎಂದು ಕೇಳಿದರು. ಎರಡು ವಾರ ಅಂದರು ನನ್ನ ಗಂಡ.

ಇಲ್ಲ ಡಾಕ್ಟ್ರೇ, ಅಂದೆ ನಾನು. ಏಪ್ರಿಲಿನಲ್ಲಿ ಅನ್ನ ಕಲಸುವುದು ಬಿಟ್ಟರು. ಆಮೇಲೆ ಶೂ ಲೇಸ್ ಕಟ್ಟುವುದು, ಅದಾಗಿ ವಾರಕ್ಕೆ ಶರ್ಟಿನ ಗುಂಡಿ ಹಾಕುವುದು. ಮೇ ಕಡೆಯಲ್ಲಿ ಲೋಟ. ಜೂನಿನಲ್ಲಿ ಉಂಗುರ, ಅದಾಗಿ ನಾಲ್ಕು ದಿನಕ್ಕೆ ಕಾರು. ಪ್ರತಿಯೊಂದಕ್ಕೂ ತಾರೀಖು ಹೇಳಿದೆ. ಕ್ಯಾಲೆಂಡರ್ ಬೇಕಾಗಲಿಲ್ಲ, ದಿನಾ ಓದಿ ಓದಿ ಬಾಯಿಪಾಠವಾಗಿತ್ತು. ಡಾಕ್ಟರು ಎಲ್ಲವನ್ನೂ ಬರೆದುಕೊಂಡರು. ಇದು ಚಳಿಯಿಂದಲ್ಲ, ಕೀಲಿನ ರೋಗವಿರಬಹುದು, ರಕ್ತ ನೋಡಬೇಕು ಅಂದರು. ಔಷಧಿ ಇದೆ, ಬೆರಳು ಸೊಟ್ಟಗಾಗದ ಹಾಗೆ ತಡೆಯಬಹುದು, ಆದರೆ ಮೂರು ತಿಂಗಳು ಮುಂಚೆ ಬಂದಿದ್ದರೆ ಇನ್ನೂ ಒಳ್ಳೆಯದಿತ್ತು ಅಂದರು. ಕೊನೆಗೆ ಇವರ ಕಡೆ ತಿರುಗಿ, ನಿಮ್ಮ ಹೆಂಡತಿಯಷ್ಟು ಕಾಳಜಿಯಿಂದ ಗಮನಿಸುವವರನ್ನು ನಾನು ಕಂಡಿಲ್ಲ ಅಂದರು. ಮೂರು ತಿಂಗಳೂ ಎದುರಿಗೇ ಕೂತು ಎಲ್ಲವನ್ನೂ ನೋಡಿದವಳು ನಾನು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

ಕಾರಿಗೆ ಬಂದೆವು. ನಾನು ಕೀಲಿ ತಿರುಗಿಸಿದೆ, ಆಂಟಿ ತನ್ನ ಪಾಠ ಒಪ್ಪಿಸಿದಳು, ಸೀಟಿನ ಸ್ವಿಚ್ಚು ಒತ್ತಿದೆ. ಸ್ವಲ್ಪ ಹೊತ್ತಿನ ಮೇಲೆ ಇವರು ನನ್ನನ್ನು ಕೇಳದೆಯೇ ತಮ್ಮ ಬಲಗೈಯನ್ನು ನನ್ನ ತೊಡೆಯ ಕೆಳಗೆ ಬಿಸಿಗೆ ತೂರಿಸಿದರು. ಎದುರಿನಲ್ಲಿ ಪಾರ್ಕಿಂಗ್ ಚೀಟಿ ಕೊಡುವವನು ನಮ್ಮನ್ನೇ ನೋಡುತ್ತಿದ್ದ.

"ಆ ತಾರೀಖೆಲ್ಲ ಯಾಕೆ ನೆನಪಿಟ್ಟುಕೊಂಡಿದ್ದೆ?"

"ಸುಮ್ನೆ," ಅಂದೆ.

ಇವರು ಕಿಟಕಿಯ ಆಚೆ ನೋಡುತ್ತಾ ಕೂತರು. ಒಂದಕ್ಕೊಂದು ಕೂಡಿಸುತ್ತಿದ್ದಾರೆ ಎಂದು ಮುಖ ನೋಡಿಯೇ ಗೊತ್ತಾಯಿತು.

"ಲ್ಯಾಬಿನ ಮೇಡಂಗೆ ಮೂರು ಜನ ಮೊಮ್ಮಕ್ಕಳು ಕಣೇ," ಅಂದರು.

"ನಾನು ಕೇಳಿದ್ನಾ?" ಅಂದೆ. ತೊಡೆ ಆಗಲೇ ಸುಡುತ್ತಿತ್ತು. ಸ್ವಿಚ್ಚನ್ನು ಇನ್ನೊಂದು ಹಂತ ಮೇಲಕ್ಕೆ ಒತ್ತಿದೆ.