ಜಾಕೆಟ್ಟಮ್ಮ ಆರಿಸಿದ ಬೋಟು

ಬೋಟುಗಳು ಬಂದು ನಿಲ್ಲುವ ದಕ್ಕೆಯಲ್ಲಿ, ಟಿಕೆಟ್ ಕಿಟಕಿಗಳ ಹಿಂದೆ, ಒಂದು ತಗಡಿನ ಶೆಡ್ಡು. ಒಳಗೆ ಎರಡು ಸಿಮೆಂಟಿನ ತೊಟ್ಟಿ, ಒಂದು ನಲ್ಲಿ, ಒಂದು ಸ್ಟೂಲು, ಗೋಡೆಯ ಮೊಳೆಗಳಲ್ಲಿ ನಾಲ್ಕು ಬಗೆಯ ಬ್ರಷ್ಷು. ಮೂವತ್ತೊಂದು ವರ್ಷದಿಂದ ಅಲ್ಲಿ ಲೈಫ್ ಜಾಕೆಟ್ ತೊಳೆಯುತ್ತಿದ್ದ ಹೆಂಗಸಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಅದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ದಕ್ಕೆಗೆಲ್ಲ ಅವಳು ಜಾಕೆಟ್ಟಮ್ಮ.

ಜಾಕೆಟ್ ತೊಳೆಯುವುದು ಅಂದರೆ ನೀರಿಗೆ ಹಾಕಿ ತೆಗೆಯುವುದಲ್ಲ. ಮೊದಲ ತೊಟ್ಟಿಯಲ್ಲಿ ಬರೀ ಸಿಹಿನೀರು. ಉಪ್ಪೆಲ್ಲ ಅಲ್ಲೇ ಬಿಡಬೇಕು, ಇಲ್ಲದಿದ್ದರೆ ಅದು ಕೂತಲ್ಲೇ ಹೊಲಿಗೆ ತಿನ್ನುತ್ತದೆ. ಎರಡನೆಯದರಲ್ಲಿ ಸೋಪಿನ ನೀರು. ಆಮೇಲೆ ಒಂದೊಂದು ಬಕಲನ್ನೂ ಕಿವಿಯ ಹತ್ತಿರ ಹಿಡಿದು ಒತ್ತಬೇಕು. ಟಕ್ ಅಂದರೆ ಸರಿ, ಟುಕ್ ಅಂದರೆ ಒಳಗೆ ಮರಳು ಸೇರಿದೆ. ಕೊನೆಗೆ ಭುಜ ಹಿಡಿದು ನೇತು ಹಾಕಬೇಕು. ಪಟ್ಟಿ ಹಿಡಿದು ನೇತು ಹಾಕಿದವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು.

ಅವಳ ಗಂಡ ಬೋಟಿನ ಇಂಜಿನ್ ರಿಪೇರಿ ಮಾಡುತ್ತಿದ್ದವನು. ಅವನು ಹೋಗಿ ಒಂಬತ್ತು ವರ್ಷವಾಗಿತ್ತು. ಅವನಿದ್ದಾಗಲೂ ಅವಳು ಒಂದು ದಿನ ಬೋಟು ಹತ್ತಲಿಲ್ಲ, ಆಮೇಲೂ ಹತ್ತಲಿಲ್ಲ. ಬೋಟು ಹೋದಾಗ ಹಿಂದಿನ ಸರದಿಯ ಜಾಕೆಟ್ ಒಣಗಬೇಕು, ಬೋಟು ಬಂದಾಗ ಹೊಸದನ್ನು ಎಣಿಸಿಕೊಳ್ಳಬೇಕು. ಹೋಗಬೇಡ ಎಂದು ಯಾರೂ ಹೇಳಿರಲಿಲ್ಲ. ಹೋಗು ಎಂದೂ ಯಾರೂ ಹೇಳಿರಲಿಲ್ಲ.

ತಿಮಿಂಗಿಲ ತೋರಿಸಲು ಜನರನ್ನು ಕರೆದೊಯ್ಯುವ ಬೋಟುಗಳು ಆ ದಕ್ಕೆಯಲ್ಲಿ ಮೂರು. ಮೂರನ್ನೂ ಅವಳು ಜಾಕೆಟ್ಟಿನಿಂದಲೇ ಬಲ್ಲಳು. ಬಿಳಿ ಬೋಟು ದೊಡ್ಡದು. ನೂರು ಜನರಿಗೆ ಗಾಜಿನ ಕೋಣೆ, ಮೆತ್ತನೆಯ ಕುರ್ಚಿ. ಅದರ ಜಾಕೆಟ್ಟು ಹೋದ ಹಾಗೇ ಬರುತ್ತಿತ್ತು, ತುಸು ಬಿಸ್ಕತ್ತಿನ ಪುಡಿ ಬಿಟ್ಟರೆ ಬೇರೆ ಕಲೆಯಿಲ್ಲ. ರಬ್ಬರಿನ ಬೋಟು ಹಾರುತ್ತಾ ಹೋಗುವಂಥದ್ದು. ಅದರ ಜಾಕೆಟ್ಟು ನೋಡಿದರೆ ಜನ ಬೆಳಿಗ್ಗೆ ಏನು ತಿಂದಿದ್ದರು ಎಂಬುದೆಲ್ಲ ತಿಳಿಯುತ್ತಿತ್ತು. ಮೂರನೆಯದು ಹಳೆಯ ಮರದ ಬೋಟು, ಇಪ್ಪತ್ತೆರಡು ಜನರದ್ದು. ಅದರ ಯಜಮಾನ ಸದಾ ಗೊಣಗುವವನಾದ್ದರಿಂದ ಊರು ಅವನನ್ನು ಗೊಣಗಪ್ಪ ಅನ್ನುತ್ತಿತ್ತು. ಅವನ ಜಾಕೆಟ್ಟುಗಳ ಎದೆಯ ಮೇಲೆ ಮಾತ್ರ ಯಾವಾಗಲೂ ಕೈಗಳ ಗುರುತು. ಒದ್ದೆ ಕೈ, ಒಣಗಿ ಬೆಳ್ಳಗಾದ ಉಪ್ಪು.

"ನಿಮ್ಮ ಜನ ಜಾಕೆಟ್ಟನ್ನ ಕೈ ಒರೆಸೋ ಬಟ್ಟೆ ಅಂದ್ಕೊಂಡಿದಾರಾ?" ಎಂದು ಅವಳು ಕೇಳದ ವಾರವಿರಲಿಲ್ಲ.

"ನಾನೇನು ಅವರ ಕೈ ಕಟ್ಟಿ ಹಾಕ್ಲಾ ತಾಯಿ?" ಎಂದು ಅವನು ಗೊಣಗದ ವಾರವೂ ಇರಲಿಲ್ಲ.

ಹೀಗೆ ಅವಳ ಲೆಕ್ಕದಲ್ಲಿ ಬಿಳಿ ಬೋಟು ಮರ್ಯಾದಸ್ಥರದ್ದು, ಗೊಣಗಪ್ಪನದ್ದು ಕೊಳಕರದ್ದು. ಈ ಲೆಕ್ಕ ಸರಿಯೋ ತಪ್ಪೋ ಎಂದು ನೋಡುವ ಪ್ರಸಂಗ ಮೂವತ್ತೊಂದು ವರ್ಷ ಬಂದಿರಲಿಲ್ಲ.

ಬಂದದ್ದು ಅಕ್ಕನ ಫೋನಿನಿಂದ.

ಅಕ್ಕ ದೂರದೂರಿನಲ್ಲಿ ಚಿಕ್ಕ ಮಕ್ಕಳಿಗೆ ಟೀಚರಾಗಿದ್ದು ನಿವೃತ್ತಳಾದವಳು. ತಂಗಿಗಿಂತ ಆರು ವರ್ಷ ದೊಡ್ಡವಳು, ಅಕ್ಕ ತಂಗಿ ಮುಖ ನೋಡಿ ಹನ್ನೊಂದು ವರ್ಷ. ಅಕ್ಕನ ಕಣ್ಣಿಗೆ ಸುತ್ತಲಿಂದ ಕತ್ತಲು ಮುಚ್ಚಿಕೊಂಡು ಬರುವ ಕಾಯಿಲೆ. ನಡುವೆ ಒಂದು ಸಣ್ಣ ಕಿಂಡಿ ಮಾತ್ರ ಉಳಿದಿತ್ತು. ಅದೂ ಇನ್ನೊಂದು ವರ್ಷ ಇದ್ದರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದರು. ಅವಳ ಮಗಳು, ತನಗೆ ರಜೆ ಸಿಗದಿದ್ದರೂ, ಹಟ ಹಿಡಿದು ತಾಯಿಗೆ ಪ್ರವಾಸದ ಹಡಗಿನ ಟಿಕೆಟ್ ಮಾಡಿಸಿದ್ದಳು. ಆ ಹಡಗು ತಂಗಿಯ ದಕ್ಕೆಯಲ್ಲಿ ಒಂದು ದಿನ, ಎಂಟು ಗಂಟೆಯಿಂದ ಮೂರರವರೆಗೆ ನಿಲ್ಲುವುದಿತ್ತು.

"ಮೂವತ್ತನಾಲ್ಕು ವರ್ಷ ಬೋರ್ಡಿನ ಮೇಲೆ ತಿಮಿಂಗಿಲ ಬರೆದು, ಇದು ಮೀನಲ್ಲ ಮಕ್ಕಳೇ ಅಂತ ಹೇಳ್ಕೊಟ್ಟಿದೀನಿ ಕಣೇ," ಎಂದಿದ್ದಳು ಅಕ್ಕ. "ತಲೆ ಮೇಲೊಂದು ಕಾರಂಜಿ. ನಿಜವಾದ್ದು ಒಂದನ್ನಾದ್ರೂ ನೋಡ್ಬೇಕು. ನೀನು ತಿಮಿಂಗಿಲದ ಬಾಗಿಲಲ್ಲೇ ಕೂತಿದೀಯ. ಯಾವ ಬೋಟು ಅಂತ ನೀನೇ ಆರಿಸು."

ಫೋನು ಇಟ್ಟ ಮೇಲೆ ಜಾಕೆಟ್ಟಮ್ಮ ತೊಳೆದ ಜಾಕೆಟ್ಟನ್ನೇ ಮತ್ತೆ ತೊಳೆದಳು. ಒಂದೇ ಬೋಟು, ಒಂದೇ ಸಲ. ತಪ್ಪು ಬೋಟು ಆರಿಸಿದರೆ ಅಕ್ಕನ ಆ ಕಿಂಡಿ ತಿಮಿಂಗಿಲ ಕಾಣದೆಯೇ ಮುಚ್ಚಿಹೋಗುತ್ತದೆ. ಹದಿನೈದು ದಿನ ಯೋಚಿಸಿ, ಬಿಳಿ ಬೋಟಿನ ಗುಮಾಸ್ತನಿಗೆ ಒಂದು ಸೀಟು ಹಿಡಿದಿಡಲು ಹೇಳಿದಳು.

ಆ ದಿನ ಹಡಗು ಬಂದು ನಿಂತಾಗ ದಕ್ಕೆಗೆ ಅರ್ಧ ಬಿಸಿಲೇ ಇಲ್ಲವಾಯಿತು, ಅಷ್ಟು ಎತ್ತರ. ಏಣಿ ಇಳಿದವರನ್ನೆಲ್ಲ ಟಿಕೆಟ್ ಮಾರುವವರು ಮುತ್ತಿಕೊಂಡರು. ರಬ್ಬರ್ ಬೋಟಿನವನು ಅಕ್ಕನ ದಾರಿಗೆ ಅಡ್ಡ ನಿಂತು, "ಗ್ಯಾರಂಟಿ ಅಮ್ಮಾ! ಕಾಣದಿದ್ರೆ ಇನ್ನೊಂದ್ಸಲ ಫ್ರೀ!" ಎಂದ.

"ಹಡಗು ಮೂರಕ್ಕೆ ಹೊರಡತ್ತಪ್ಪಾ. ಇನ್ನೊಂದ್ಸಲಕ್ಕೆ ಈಜ್ಕೊಂಡು ಬರ್ಲಾ?" ಎಂದಳು ಅಕ್ಕ.

ಹಿಂದೆ ನಿಂತಿದ್ದ ತಂಗಿಗೆ ನಗುವೂ ಬಂತು, ಅಳುವೂ ಬಂತು. ಅಕ್ಕ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಕಿಂಡಿಯನ್ನು ಹಣೆಯಿಂದ ಗಲ್ಲದವರೆಗೆ ನಿಧಾನವಾಗಿ ಇಳಿಸಿದಳು. "ಮೂಗು ಕಂಡ್ರೆ ಕಿವಿ ಕಾಣಲ್ಲ, ಕಿವಿ ಕಂಡ್ರೆ ಮೂಗು ಕಾಣಲ್ಲ. ನಿನ್ನ ಕಂತಿನಲ್ಲಿ ನೋಡ್ಬೇಕು," ಎಂದಳು. ಆಮೇಲೆ, "ಮುದುಕಿ ಆಗಿದೀಯಲ್ಲೇ!" ಎಂದಳು.

ಶೆಡ್ಡಿಗೆ ಕರೆತಂದು ಸ್ಟೂಲಿನ ಮೇಲೆ ಕೂರಿಸಿ ತಂಗಿ ಹೇಳಿದಳು, "ಬಿಳಿ ಬೋಟು ಹೇಳಿದೀನಿ. ಹತ್ತಕ್ಕೆ ಹೊರಡುತ್ತೆ."

"ಅದೇ ಯಾಕೆ?"

"ಜಾಕೆಟ್ಟು ಚೊಕ್ಕವಾಗಿ ಬರುತ್ತೆ."

ಅಕ್ಕ ಮೇಷ್ಟ್ರ ಹಾಗೆ ತಲೆ ಓರೆ ಮಾಡಿದಳು. "ಸಮುದ್ರಕ್ಕೆ ಹೋಗಿ ಬಂದ ಜಾಕೆಟ್ಟು ಒಣಗಿರೋದು ಹೇಗೇ? ಪರೀಕ್ಷೇಲಿ ಅತಿ ಚೊಕ್ಕದ ಹಾಳೆ ಕೊಡ್ತಿದ್ದ ಹುಡುಗ ಏನೂ ಬರೆದಿರ್ತಾ ಇರ್ಲಿಲ್ಲ."

ಜಾಕೆಟ್ಟಮ್ಮ ಬಿಳಿ ಬೋಟಿನ ಒಂದು ಜಾಕೆಟ್ ಎತ್ತಿ ತಿರುವಿ ನೋಡಿದಳು. ಹೌದಲ್ಲ! ಜನ ಗಾಜಿನೊಳಗೆ ಬಿಸ್ಕತ್ತು ತಿನ್ನುತ್ತಾ ಕೂತಿರುತ್ತಾರೆ, ಏಳುವುದೇ ಇಲ್ಲ. ಏಳುವಂಥದ್ದು ಏನೂ ಕಂಡಿರುವುದಿಲ್ಲ. ಇಷ್ಟು ವರ್ಷ ತೊಳೆದ ಕೈಗೆ ಇದು ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ರಬ್ಬರ್ ಬೋಟು ಆಗದ ಮಾತು. ಅದು ಓಡುತ್ತಾ ಅಲ್ಲಿ ನೋಡಿ, ಇಲ್ಲಿ ನೋಡಿ ಅನ್ನುವಷ್ಟರಲ್ಲಿ ಅಕ್ಕನ ಕಿಂಡಿ ಅಲ್ಲಿಗೆ ತಿರುಗಬೇಕಲ್ಲ?

ಅವಳು ಗೊಣಗಪ್ಪನ ರಾಶಿಯಿಂದ ನಿನ್ನೆಯ ಒಂದು ಜಾಕೆಟ್ ತೆಗೆದು ಬೆಳಕಿಗೆ ಹಿಡಿದಳು. ಎದೆಯ ಮೇಲೆ ಎರಡು ಅಂಗೈ. ಎಂದೂ ನೋಡದಷ್ಟು ಹತ್ತಿರದಿಂದ ನೋಡಿದಳು. ಕೈ ಒರೆಸಿದ್ದರೆ ಗುರುತು ಎಳೆದುಕೊಂಡಿರಬೇಕಿತ್ತು. ಇದರಲ್ಲಿ ಐದು ಬೆರಳೂ ಬಿಡಿಬಿಡಿಯಾಗಿ ಇದ್ದವು. ಇದು ಒರೆಸಿದ್ದಲ್ಲ, ಒತ್ತಿದ್ದು. ಯಾಕೆ ಒತ್ತಿದರು ಎಂಬುದು ಅವಳಿಗೆ ತಿಳಿಯಲಿಲ್ಲ. ಆದರೆ ಆ ಕೈಗಳು ಒದ್ದೆಯಾಗಿದ್ದವು, ಆ ಜನ ಎದ್ದು ನಿಂತಿದ್ದರು.

"ಗೊಣಗಪ್ಪನ ಬೋಟು," ಎಂದಳು.

"ಸರಿ. ನೀನೂ ಬಾ."

"ನಂಗೆ ಕೆಲಸ ಇದೆ ಅಕ್ಕಾ."

"ನಂಗೆ ಯಾವ ಕಡೆ ಕತ್ತು ತಿರುಗಿಸ್ಬೇಕು ಅಂತ ಹೇಳೋರು ಬೇಡ್ವಾ? ಬಾರೇ ಸುಮ್ನೆ."

ಇಬ್ಬರೂ ಮರದ ಬೋಟಿನ ಮುಂದೆ ನಿಂತಾಗ ಗೊಣಗಪ್ಪ ಕಣ್ಣರಳಿಸಿದ. "ತೊಳೆಯೋಕೆ ಬಂದ್ಯೋ, ಹಾಕ್ಕೊಳ್ಳೋಕೆ ಬಂದ್ಯೋ?"

"ಎರಡೂವರೆಯೊಳಗೆ ನಮ್ಮಕ್ಕ ಹಡಗಿನ ಏಣಿ ಹತ್ತಿರಬೇಕು. ಅದನ್ನ ನೋಡ್ಕೋ ಮೊದ್ಲು," ಎಂದಳು ಜಾಕೆಟ್ಟಮ್ಮ. ಸಾವಿರ ಸಲ ಒತ್ತಿದ ಬಕಲನ್ನು ಅವತ್ತು ಮೊದಲ ಸಲ ತನ್ನ ಎದೆಯ ಮೇಲೆ ಒತ್ತಿದಳು. ಟಕ್ ಅಂದಿತು.

ಒಂದು ಗಂಟೆ ಹೋದ ಮೇಲೆ, ದಕ್ಕೆ ಬರೀ ಗೆರೆಯಾಗಿ ಉಳಿದಾಗ, ಗೊಣಗಪ್ಪ ಇಂಜಿನ್ ನಿಲ್ಲಿಸಿದ. ಸುಮ್ಮನೆ ನಿಲ್ಲಿಸಿ, ಟೋಪಿ ಮುಖಕ್ಕೆ ಎಳೆದುಕೊಂಡು ಕೂತ. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಎಲ್ಲರೂ ಒದ್ದೆ ಕಂಬಿ ಹಿಡಿದು ನೀರನ್ನೇ ನೋಡುತ್ತಿದ್ದರು. ದೂರದಲ್ಲಿ ರಬ್ಬರ್ ಬೋಟು ಭರ್ರನೆ ಓಡಿತು. ಅದರಾಚೆ ಬೆಳ್ಳಗೆ ಏನೋ ಚಿಮ್ಮಿದ ಹಾಗಾಯಿತು. "ಅಲ್ಲಿದೆ, ಅಲ್ಲಿಗೆ ಹೋಗೋಣ!" ಎಂದು ಜನ ಕೂಗಿದರು.

"ಅಟ್ಟಿಸ್ಕೊಂಡು ಹೋದ್ರೆ ಅದು ಬೆನ್ನು ತೋರ್ಸುತ್ತೆ," ಎಂದ ಗೊಣಗಪ್ಪ, ಟೋಪಿಯ ಒಳಗಿಂದಲೇ. "ಮನೆಗೆ ಬಂದೋರು ಬಾಗಿಲು ಒದೀತಾ ಇದ್ರೆ ನೀವಾದ್ರೂ ತೆಗೀತೀರಾ? ಸುಮ್ನೆ ಕೂತ್ರೆ ಅದೇ ನೋಡೋಕೆ ಬರುತ್ತೆ. ಬರದಿದ್ರೆ ಇಲ್ಲ."

ಹನ್ನೆರಡು ಗಂಟೆಯಾಯಿತು. ಜಾಕೆಟ್ಟಮ್ಮ ದಕ್ಕೆಯ ಗೆರೆಯ ಕಡೆ ತಿರುಗಿ ನೋಡಿದಳು. ಯಾರದೋ ಕೈಗುರುತು ನಂಬಿಕೊಂಡು ಅಕ್ಕನನ್ನು ನಡುನೀರಿಗೆ ತಂದು ಕೂರಿಸಿದೆನಲ್ಲ! ಬಿಳಿ ಬೋಟಿನಲ್ಲಿ ಕುರ್ಚಿಯಾದರೂ ಮೆತ್ತಗಿರುತ್ತಿತ್ತು.

"ಅಕ್ಕಾ, ನಾನು ತಪ್ಪು ಮಾಡ್ದೆ ಅನ್ಸುತ್ತೆ."

"ಶ್," ಎಂದಳು ಅಕ್ಕ. "ಯಾರೋ ಉಸಿರು ಬಿಟ್ರು."

ಬೋಟಿನಲ್ಲಿ ಯಾರೂ ಬಿಟ್ಟಿರಲಿಲ್ಲ. ಅದು ಬೆನ್ನ ಹಿಂದೆ, ನೀರಿನಿಂದ ಬಂದಿತ್ತು. ದೊಡ್ಡದೊಂದು ಮನೆ, ತುಂಬ ದಿನದಿಂದ ಮುಚ್ಚಿದ್ದ ಕಿಟಕಿ ಬಾಗಿಲನ್ನೆಲ್ಲ ಒಟ್ಟಿಗೆ ತೆರೆದುಕೊಂಡ ಹಾಗೆ. ಹಿಂದೆಯೇ ಸಣ್ಣ ಮಂಜು, ಹಸಿ ಮೀನಿನ ವಾಸನೆ. ಜಾಕೆಟ್ಟಮ್ಮ ಅಕ್ಕನ ಭುಜ ಹಿಡಿದು ಆ ಕಡೆ ತಿರುಗಿಸಿ, ಗಲ್ಲ ಹಿಡಿದು ಸ್ವಲ್ಪ ಕೆಳಗೆ ಬಾಗಿಸಿದಳು.

ನೀರಿನ ಕೆಳಗಿನ ಕಪ್ಪು ಮೇಲೆ ಬರುತ್ತಿತ್ತು. ಬಂದೇ ಬಂತು. ಬೋಟಿನ ಪಕ್ಕಕ್ಕೆ, ಕೈ ಚಾಚಿದರೆ ತಾಕುವಷ್ಟು ಹತ್ತಿರದಲ್ಲಿ, ಅದು ಸದ್ದಿಲ್ಲದೆ ಎದ್ದು ಸಾಗತೊಡಗಿತು. ಒದ್ದೆ ಕಲ್ಲಿನಂಥ ಮೈ, ಅದರ ಮೇಲೆ ಹಳೆಯ ಗಾಯಗಳ ಗೀರು, ಅಂಟಿಕೊಂಡ ಚಿಪ್ಪು. ಮಿಕ್ಕವರು ತಲೆಯನ್ನೂ ಬಾಲವನ್ನೂ ಒಟ್ಟಿಗೆ ಕಂಡರು. ಅಕ್ಕನ ಕಿಂಡಿಗೆ ತಲೆಯಿಲ್ಲ, ಬಾಲವಿಲ್ಲ. ಬರೀ ಮೈ, ಹೋಗುತ್ತಲೇ ಇರುವ ಮೈ.

"ಇನ್ನೂ ಇದೆಯೇನೇ?"

"ಇದೆ ಅಕ್ಕಾ."

"ಇನ್ನೂ?"

"ಇನ್ನೂ ಇದೆ."

ಬಾಲ ದಾಟಿದ ಮೇಲೆ ಅದು ಸುತ್ತಿ ಬಂದು ಮತ್ತೆ ಪಕ್ಕಕ್ಕೆ ನಿಂತಿತು. ಈ ಸಲ ಅಕ್ಕನ ಮುಂದೆ ಒಂದು ಕಣ್ಣು ಬಂತು. ದನದ ಕಣ್ಣಿನ ಹಾಗೆ ಕಂದು, ಸುತ್ತ ಸುಕ್ಕು. ಅದು ಹೊರಳಿ ಮೇಲೆ ನೋಡಿತು. ಅಕ್ಕನ ಕಿಂಡಿಯ ತುಂಬ ಆ ಕಣ್ಣು. ಬೇರೆ ಯಾವುದಕ್ಕೂ ಅಲ್ಲಿ ಜಾಗವಿರಲಿಲ್ಲ.

ಆಮೇಲೆ ಅದು ಮುಳುಗಿತು. ಜಾಕೆಟ್ಟಮ್ಮನಿಗೆ ತನ್ನ ಕೈಯ ನೆನಪಾದದ್ದು ಆಗಲೇ. ಕಂಬಿಯ ಮೇಲಿದ್ದ ಕೈ ಯಾವಾಗ ಮೇಲೆ ಬಂತೋ, ಎರಡೂ ಅಂಗೈ ಎದೆಗೆ ಒತ್ತಿಕೊಂಡಿದ್ದವು. ಪಕ್ಕಕ್ಕೆ ನೋಡಿದಳು. ಅಕ್ಕನ ಕೈಯೂ ಹಾಗೇ. ಅದರಾಚೆ ಒಬ್ಬ ದಪ್ಪ ಗಂಡಸು, ಒಂದು ಹೊಸ ಜೋಡಿ, ಬಾಯಿ ತೆರೆದು ನಿಂತ ಒಬ್ಬ ಅಜ್ಜ. ಎಲ್ಲರ ಒದ್ದೆ ಕೈಯೂ ಎದೆಯ ಮೇಲೆ, ಒಳಗಿನದು ಎಲ್ಲಿ ಹೊರಗೆ ಬಂದುಬಿಡುತ್ತದೋ ಎಂದು ಹಿಡಿದುಕೊಂಡ ಹಾಗೆ.

ಮೂವತ್ತೊಂದು ವರ್ಷ ಬೈದದ್ದು ಇದನ್ನೇ.

ಅವಳು ಗೊಣಗಪ್ಪನ ಕಡೆ ತಿರುಗಿದಳು. ಅವನೂ ಟೋಪಿ ತೆಗೆದು ಎದೆಗೆ ಹಿಡಿದಿದ್ದ. "ಏನ್ ನೋಡ್ತೀಯ? ನನ್ನ ಜಾಕೆಟ್ಟಲ್ಲಿ ಕಲೆ ಇಲ್ಲ," ಎಂದು ಗೊಣಗಿದ.

ವಾಪಸಾಗುವಾಗ ಅಕ್ಕ ಮುಖದ ಮೇಲಿನ ಹನಿ ಒರೆಸಿಕೊಂಡಳು. ಆಮೇಲೆ, "ಕಾರಂಜಿ ಅಲ್ಲ ಕಣೇ, ಮಂಜು," ಎಂದಳು. "ಎಷ್ಟು ಮಕ್ಕಳಿಗೆ ತಪ್ಪು ಬರೆಸಿಬಿಟ್ಟೆ! ಈಗ ಯಾರ ಮನೆಗೆ ಹೋಗಿ ತಿದ್ಲಿ?"

"ನಾನೂ ಎಷ್ಟೋ ಜನಕ್ಕೆ ಬೈದಿದೀನಿ. ಅವರನ್ನ ಎಲ್ಲಿ ಹುಡುಕ್ಲಿ?" ಎಂದಳು ತಂಗಿ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಎರಡೂಕಾಲು ಗಂಟೆಗೆ ಅಕ್ಕ ಹಡಗಿನ ಏಣಿಯ ಬುಡದಲ್ಲಿದ್ದಳು. "ಮೇಲಿಂದ ಕೈ ಬೀಸ್ತೀನಿ," ಎಂದಳು. "ನೀನು ಬೀಸಿದ್ದು ನಂಗೆ ಕಾಣಲ್ಲ. ಇಷ್ಟು ದೊಡ್ಡ ದಕ್ಕೇಲಿ ಇಷ್ಟೇ ಉದ್ದದ ನಿನ್ನ ಎಲ್ಲಿ ಅಂತ ಹುಡುಕ್ಲಿ? ಬೇಜಾರು ಮಾಡ್ಕೋಬೇಡ."

ಜಾಕೆಟ್ಟಮ್ಮ ಓಡುವವಳಲ್ಲ. ಅವತ್ತು ಓಡಿದಳು. ಶೆಡ್ಡಿನ ಒಣಗಿದ ಜಾಕೆಟ್ಟುಗಳನ್ನೆಲ್ಲ ತಳ್ಳುಗಾಡಿಗೆ ತುಂಬಿ, ದಕ್ಕೆಯ ತುದಿಗೆ ತಂದು, ದೋಣಿ ಕಟ್ಟುವ ಕಂಬದಿಂದ ಕಂಬಕ್ಕೆ ಹಗ್ಗ ಬಿಗಿದು ನೇತು ಹಾಕತೊಡಗಿದಳು. ಸಾಲಲಿಲ್ಲ. ಗೊಣಗಪ್ಪನ ಬೋಟಿಂದ ಆಗಷ್ಟೇ ಇಳಿದ ಇಪ್ಪತ್ತೆರಡನ್ನೂ ತಂದಳು. ಉಪ್ಪು ತೊಳೆಯದ ಜಾಕೆಟ್ಟನ್ನು ಅವಳು ಜೀವಮಾನದಲ್ಲಿ ಹಗ್ಗಕ್ಕೆ ಹಾಕಿದವಳಲ್ಲ. ಈಗ ಕೈಗುರುತು ಸಮುದ್ರದ ಕಡೆ ಮಾಡಿ ಹಾಕಿದಳು, ಭುಜ ಹಿಡಿದೇ ಹಾಕಿದಳು. ಗೊಣಗಪ್ಪ ಬಂದು, "ತಲೆ ಕೆಟ್ಟಿದ್ಯಾ ನಿಂಗೆ?" ಎಂದವನು, ಹಗ್ಗದ ಇನ್ನೊಂದು ತುದಿ ಹಿಡಿದು ಎಳೆದು ಕಟ್ಟಿದ.

ಮೂರಕ್ಕೆ ಹಡಗು ಕೂಗಿತು, ಮೆಲ್ಲಗೆ ಸರಿಯಿತು. ಸೆರಗಿನಲ್ಲಿ ಕಟ್ಟಿಕೊಂಡಿದ್ದ ಫೋನು ಬಡಿದುಕೊಂಡಿತು.

"ಏನೇ ಅದು? ಕಿತ್ತಳೆ ಬಣ್ಣದ್ದು, ಕೊನೇನೇ ಇಲ್ಲ!"

"ಕಾಣ್ತಾ ಇದೆಯಾ ಅಕ್ಕಾ?"

"ಕಾಣ್ತಾ ಇದೆ, ಹೋಗ್ತಾ ಇದೆ... ಇನ್ನೂ ಇದೆ ಕಣೇ. ಇನ್ನೂ ಇದೆ..."

ಜಾಕೆಟ್ಟಮ್ಮ ಸಾಲಿನ ಕೊನೆಯ ಕಂಬಕ್ಕೆ ಒರಗಿಕೊಂಡಳು. ಅವಳ ಒಂದು ಕೈಯಲ್ಲಿ ಫೋನು, ಇನ್ನೊಂದು ತಾನಾಗಿಯೇ ಎದೆಯ ಮೇಲೆ. ಹಡಗು ಚುಕ್ಕೆಯಾಗುವ ತನಕ ನಿಂತಿದ್ದು, ಇಪ್ಪತ್ತೆರಡನ್ನೂ ಒಂದೊಂದಾಗಿ ಇಳಿಸಿ, ಮೊದಲ ತೊಟ್ಟಿಯ ಸಿಹಿನೀರಿಗೆ ಹಾಕಿದಳು. ಉಪ್ಪು ಉಳಿದರೆ ಹೊಲಿಗೆ ತಿನ್ನುತ್ತದಲ್ಲ.