ದೇವರ ಹಿಡಿ ನಿಂತ ನಾಲ್ಕು ದಿನ

ಆ ದಿನಗಳಲ್ಲಿ ನಾವು ಪುಣೆಯ ಖಡಕಿಯಲ್ಲಿದ್ದೆವು. ನಾನು ನಿಂತಿದ್ದ ಜಾಗ ಅಡುಗೆಮನೆಯ ಹೊಸ್ತಿಲಿನ ಈಚೆ, ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು. 1996ರ ಮಾರ್ಚ್ ತಿಂಗಳ ಒಂದು ಗುರುವಾರ. ಬೆಳಿಗ್ಗೆ ಏಳು ದಾಟಿತ್ತು. ಕಾರ್ಖಾನೆಯ ಭೋಂಗಾ ಕೂಗಿ ಮುಗಿದು, ಗಲ್ಲಿಯಲ್ಲಿ ಸೈಕಲ್ಲುಗಳ ಸದ್ದು ಕಡಿಮೆಯಾಗಿತ್ತು. ನನಗೆ ಹತ್ತು ವರ್ಷ. ಅವ್ವ ಹಿಟ್ಟು ಕಲಸುವ ಅಗಲ ಪರಾತದಿಂದ ಒಂದು ಹಿಡಿ ಹಿಟ್ಟು ತೆಗೆದಳು. ಮುಷ್ಟಿಯನ್ನು ದೇವರ ಡಬ್ಬಿಯ ಮೇಲೆ ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕೈಯನ್ನು ಹಿಂದಕ್ಕೆ ತಂದು ಪರಾತದಲ್ಲಿಯೇ ಬಿಚ್ಚಿದಳು. ಡಬ್ಬಿಯ ಮುಚ್ಚಳ ಹಾಕಿದಳು.

ನಾವು ಬೆಟಗೇರಿ ಕಡೆಯ ಕ್ರೈಸ್ತರು. ನಮ್ಮ ಮನೆಗಳಲ್ಲಿ ಹಿಟ್ಟು ಕಲಸುವ ಮೊದಲು ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವ ರೂಢಿ ಇತ್ತು. ಅದು ದೇವರ ಹಿಡಿ. ಭಾನುವಾರ ಎಲ್ಲರ ಡಬ್ಬಿಗಳೂ ಚರ್ಚಿಗೆ ಹೋಗುತ್ತಿದ್ದವು. ಅಲ್ಲಿ ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದು, ಸಭೆಯಲ್ಲಿ ಕಷ್ಟದಲ್ಲಿರುವ ಒಂದು ಮನೆಗೆ ಕಳಿಸುತ್ತಿದ್ದರು. ಯಾವ ಮನೆಗೆ ಹೋಯಿತು ಎಂದು ಯಾರೂ ಕೇಳುತ್ತಿರಲಿಲ್ಲ.

ನನಗೂ ತಮ್ಮ ದಾನೂಗೂ ಅದೊಂದು ಆಟವಾಗಿತ್ತು. ಗಿರಣಿಯಿಂದ ಜೋಳದ ಹಿಟ್ಟು ತಂದ ದಿನ, ಅದಿನ್ನೂ ಬಿಸಿ ಇರುವಾಗಲೇ, ಯಾರ ಹಿಡಿ ದೊಡ್ಡದು ಎಂದು ನೋಡುತ್ತಿದ್ದೆವು.

"ನಿಂದು ಇಲಿ ಮುಷ್ಟಿ," ಎನ್ನುತ್ತಿದ್ದೆ ನಾನು.

"ನಿಂದು ಕ್ವಾಣನ ಮುಷ್ಟಿ. ದೇವರು ನಿನ್ನ ಹಿಟ್ಟು ತಿಂದು ಹೊಟ್ಟಿ ಕೆಡಿಸ್ಕೋತಾನ."

"ಹಿಟ್ಟು ಚೆಲ್ಲಿದ್ರ ಇಬ್ಬರ ಬೆನ್ನಿಗೂ ನನ್ನ ಮುಷ್ಟಿ ಬೀಳ್ತದ ನೋಡ್ರಿ," ಎಂದು ಅವ್ವ ಒಳಗಿನಿಂದ ಕೂಗುತ್ತಿದ್ದಳು.

ಆ ಜನವರಿಯಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತಿನಲ್ಲಿ ಎರಡು ಉಳಿದವು: "ನೀರು" ಮತ್ತು "ಬ್ಯಾಡ". ಅಡುಗೆಮನೆಯ ಬಾಗಿಲಿಗೆ ಎದುರಾಗಿ ಅವನ ಮಂಚ ಹಾಕಿದರು. ಅವ್ವ ಅವನಿಗೆ ಮೈ ಒರೆಸಿ, ಎಣ್ಣೆ ಹಚ್ಚಿ, ಬಟ್ಟೆ ಬದಲಿಸಿ, ಮಗ್ಗುಲು ತಿರುಗಿಸಬೇಕಾಗಿತ್ತು. ಒಬ್ಬಳಿಂದ ಆಗುತ್ತಿರಲಿಲ್ಲ. ಪಕ್ಕದ ಮನೆಯ ಶಾಂತಾಬಾಯಿ ಪ್ರತಿದಿನ ಬೆಳಿಗ್ಗೆ ಬಂದು ಅಪ್ಪನ ಭುಜ ಹಿಡಿಯುತ್ತಿದ್ದಳು. ಮನೆಯಲ್ಲಿ ಸದಾ ನೋವಿನ ಎಣ್ಣೆಯ ವಾಸನೆ, ಅದರ ಮೇಲೆ ಸುಟ್ಟ ರೊಟ್ಟಿಯ ವಾಸನೆ.

ಮನೆಯ ಹಿಟ್ಟಿನ ಡಬ್ಬದ ತಳ ಕಾಣತೊಡಗಿದರೂ ಅವ್ವ ಹಿಡಿ ಬಿಡಲಿಲ್ಲ. ಶಾಂತಾಬಾಯಿಗೆ ಅದನ್ನು ನೋಡಲಾಗಲಿಲ್ಲ. "ಅಗ ರೂತಬಾಯಿ, ಆಧೀ ಪೋರಂ, ಮಗ ದೇವ," ಎಂದಳು. ಮೊದಲು ಮಕ್ಕಳು, ಆಮೇಲೆ ದೇವರು.

ನಾನೂ ಧೈರ್ಯ ಮಾಡಿ ಕೇಳಿದೆ. "ನಮಗ ಸಾಲೂದಿಲ್ಲಲ್ಲವ್ವ, ದೇವರಿಗ್ಯಾಕ?"

"ಉಳಿದದ್ದು ಕೊಟ್ರ ಅದು ಕೊಟ್ಟಂಗಲ್ಲ."

ಅವು ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು. ದಿನಾ ಶಿಲುಬೆ ಹೊರುವ ವಿಷಯವಾಗಿ ಸಭಾಪಾಲಕರಾದ ಅಯ್ಯನವರು ಚರ್ಚಿನಲ್ಲಿ ಪ್ರಸಂಗ ಮಾಡಿದ್ದರು. ಮನೆಗೆ ಬರುವಾಗ ಅವ್ವ ತನಗೆ ತಾನೇ ಎಂಬಂತೆ ಹೇಳಿದಳು: "ಒಮ್ಮೆ ಹೊರಬಹುದು. ಮರುದಿನಾ ಎದ್ದು ಮತ್ತ ಹೊರೂದು ಅದ ನೋಡು, ಅದು ಕಷ್ಟ."

ಆ ಗುರುವಾರದ ಹಿಂದಿನ ದಿನ, ಬುಧವಾರ ಸಂಜೆ, ಸಭೆಯ ಹಿರಿಯರಾದ ಯೋಹಾನ ಕಾಕಾ ಬಂದರು. ಸೈಕಲ್ಲಿನ ಕ್ಯಾರಿಯರ್ ಮೇಲೆ ಚರ್ಚಿನ ಹಿಟ್ಟಿನ ಚೀಲವಿತ್ತು. ಅವ್ವ ಅದನ್ನು ಕೂಡಲೇ ಗುರುತಿಸಿದಳು. ಹರಿದಲ್ಲಿ ಅದನ್ನು ಹೊಲಿದವಳು ಅವಳೇ.

"ಈ ವಾರ ನಿಮ್ಮ ಮನಿಗೆ ಅಂದಾರ್ರಿ, ರೂತಮ್ಮ."

"ನಮ್ಮ ಮನಿಗೇನ್ರಿ? ನಮಗಿಂತ ಕಷ್ಟದಾಗ ಇದ್ದವರು ಯಾರೂ ಇಲ್ಲೇನ್ರಿ ಕಾಕಾ?"

ಕಾಕಾ ಮಂಚದ ಕಡೆ ನೋಡಿದರು. ಚೀಲವನ್ನು ಗೋಡೆಗೆ ಒರಗಿಸಿ, ಅಪ್ಪನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಹೋದರು.

ಹತ್ತಾರು ಮನೆಯ ಹಿಟ್ಟು ಒಂದೇ ಚೀಲದಲ್ಲಿ: ಜೋಳ, ಗೋಧಿ, ಸಜ್ಜೆ. ಅದಕ್ಕೆ ಒಂದು ಬಣ್ಣವೆಂಬುದೇ ಇರಲಿಲ್ಲ. ಗುರುವಾರ ಬೆಳಿಗ್ಗೆ ಅವ್ವ ಅದನ್ನು ಪರಾತಕ್ಕೆ ಹಾಕಿದಳು. ಆಮೇಲೆ ನಡೆದದ್ದನ್ನು ಮೊದಲೇ ಹೇಳಿದ್ದೇನೆ. ಶಾಂತಾಬಾಯಿ ನನ್ನ ಹಿಂದೆ ನಿಂತಿದ್ದಳು. ದಾನೂ ಅಪ್ಪನ ಕಾಲ ಬಳಿ ಕುಳಿತಿದ್ದ. ಅಪ್ಪನ ಕಣ್ಣು ಅಡುಗೆಮನೆಯ ಕಡೆಗಿತ್ತು.

"ಹಿಡಿ ಹಾಕಲಿಲ್ಲ," ಎಂದ ದಾನೂ.

"ಮಂದಿ ಕೊಟ್ಟ ಹಿಟ್ಟಿನಾಗಿಂದ ನಾ ಏನು ಕೊಡ್ಲಿ? ನನ್ನ ಕಡಿಂದ ಇನ್ನ ಆಗೂದಿಲ್ಲ," ಎಂದಳು ಅವ್ವ. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಬಾಗಿಲು ಮುಚ್ಚು ಎಂದು ಹೇಳುವ ದನಿ ಅದು.

ಆ ಹಿಟ್ಟಿಗೆ ಜಿಗಿ ಬರಲಿಲ್ಲ. ಬಡಿಯುವಾಗಲೇ ರೊಟ್ಟಿಗಳು ಹರಿದವು. ಒಂದೂ ಉಬ್ಬಲಿಲ್ಲ. ಅಪ್ಪನಿಗೆ ದಿನದ ಹಾಗೆ ಅರ್ಧ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಉಳಿದ ಅರ್ಧವನ್ನು ಎಡಗೈಗೆ ಕೊಟ್ಟೆವು.

ಶುಕ್ರವಾರ ಹಿಡಿ ತೆಗೆಯಲಿಲ್ಲ. ಶನಿವಾರವೂ ಇಲ್ಲ. ಭಾನುವಾರ ಅವ್ವ ಬುಧವಾರದವರೆಗಿನ ಹಿಟ್ಟಿದ್ದ ಡಬ್ಬಿಯನ್ನು ಮನೆಯಲ್ಲೇ ಬಿಟ್ಟಳು; ನಾವು ಮೊದಲ ಸಲ ಬರಿಗೈಯಲ್ಲಿ ಚರ್ಚಿಗೆ ಹೋದೆವು. ಎಲ್ಲರೂ ಡಬ್ಬಿ ಹಿಡಿದು ಮುಂದೆ ಹೋಗುವಾಗ ಅವ್ವ ಬೆಂಚಿನ ಮೇಲೆ ಕುಳಿತು ತನ್ನ ಅಂಗೈಗಳನ್ನು ನೋಡುತ್ತಿದ್ದಳು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತೇನೋ.

ಸೋಮವಾರ ಬೆಳಿಗ್ಗೆ ಮಂಚದ ಕಾಲಿನ ಗುಂಟ ಇರುವೆಗಳು ಹತ್ತುತ್ತಿರುವುದನ್ನು ದಾನೂ ತೋರಿಸಿದ. ಶಾಂತಾಬಾಯಿ ಅಪ್ಪನ ಭುಜ ಎತ್ತಿದಳು, ಅವ್ವ ದಿಂಬು ಸರಿಸಿದಳು. ಅದರ ಕೆಳಗೆ ರೊಟ್ಟಿಯ ಚೂರುಗಳಿದ್ದವು. ಎಂಟು ಚೂರು, ಒಂದೊಂದು ಊಟಕ್ಕೆ ಒಂದೊಂದು. ಒಣಗಿ ಮುರುಟಿದ್ದವು. ಅಪ್ಪ ತನ್ನ ಅರ್ಧ ರೊಟ್ಟಿಯಿಂದ ಎಡಗೈಯಲ್ಲಿ ಮುರಿದು ಎತ್ತಿಟ್ಟಿದ್ದ.

"ಇದೇನ್ರಿ ಇದು? ಹಸದು ಮಲಗಿದ್ರೇನ್ರಿ?"

ಅಪ್ಪ ಎಡಗೈಯ ಬೆರಳುಗಳನ್ನು ಕಷ್ಟದಿಂದ ಒಟ್ಟುಗೂಡಿಸಿ ಮುಷ್ಟಿ ಮಾಡಿದ. ಅಡುಗೆಮನೆಯ ಕಡೆ ಚಾಚಿದ.

"ಹಿಡಿ ನಿಲ್ಲಸಬ್ಯಾಡ ಅಂತೀರೇನು?"

"ಬ್ಯಾಡ," ಎಂದ ಅಪ್ಪ.

ಶಾಂತಾಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವ್ವ ಚೂರುಗಳ ಮೇಲಿನ ಇರುವೆಗಳನ್ನು ಒಂದೊಂದಾಗಿ ಊದಿದಳು. ಎದ್ದು ಒಳಗೆ ಹೋಗಿ, ಅದೇ ಕಲಬೆರಕೆ ಹಿಟ್ಟಿನಿಂದ ಒಂದು ಹಿಡಿ ತೆಗೆದು ದೇವರ ಡಬ್ಬಿಗೆ ಹಾಕಿದಳು. ಅವಳ ಮುಖದಲ್ಲಿ ಸಮಾಧಾನ ಕಂಡಿತು ಎಂದು ನಾನು ಬರೆಯಲಾರೆ. ನಾನು ನೋಡಿದ್ದು ಕೈಯನ್ನು ಮಾತ್ರ.

ಅಪ್ಪ ಆ ಮಳೆಗಾಲದಲ್ಲಿ ತೀರಿಕೊಂಡ. ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆಯೂ ಅವ್ವ ಹಿಡಿ ತೆಗೆದಳು. ಮುಂದೆ ತನ್ನ ಕೈಯಿಂದ ಹಿಟ್ಟು ಕಲಸಲು ಆಗುತ್ತಿದ್ದಷ್ಟು ಕಾಲ ಒಂದು ದಿನವೂ ತಪ್ಪಿಸಲಿಲ್ಲ. ಇವತ್ತು ನನ್ನ ಮನೆಗೆ ಹಿಟ್ಟು ಪ್ಯಾಕೆಟ್ಟಿನಲ್ಲಿ ಬರುತ್ತದೆ, ಬೇಕಾದಷ್ಟು ಬರುತ್ತದೆ. ಕಾಣಿಕೆಯನ್ನು ಲಕೋಟೆಯಲ್ಲಿ ಹಾಕುತ್ತೇನೆ, ತಿಂಗಳಿಗೊಮ್ಮೆ. ಕೊಟ್ಟದ್ದು ಊಟದ ಹೊತ್ತಿಗೆ ಕಡಿಮೆಯಾಗಿ ಕಾಣುವಂತೆ ನಾನು ಇದುವರೆಗೆ ಏನನ್ನೂ ಕೊಟ್ಟಿಲ್ಲ.

ಅವ್ವ ಈಗ ಇಲ್ಲ. ಯೋಹಾನ ಕಾಕಾ ಕೂಡ ಇಲ್ಲ. ದಾನೂ ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿದ್ದಾನೆ. ಅವನಿಗೆ ಇರುವೆಗಳು ನೆನಪಿವೆ. ಶಾಂತಾಬಾಯಿ ಕಾತ್ರಜದಲ್ಲಿ ಮಗನ ಮನೆಯಲ್ಲಿದ್ದಾಳೆ. ಕಿವಿ ಮಂದವಾಗಿದೆ, ಕಣ್ಣು ಚೆನ್ನಾಗಿದೆ. ಆ ನಾಲ್ಕು ದಿನಗಳನ್ನು ಕಣ್ಣಾರೆ ಕಂಡವರಲ್ಲಿ ಬದುಕಿರುವವರು ಅವರಿಬ್ಬರು, ಮತ್ತು ನಾನು.